ಆಗದು, ಕೂಡದು, ಒಲ್ಲೆ

2025ರ ಅಕ್ಟೋಬರ್ 14ರಂದು ಎರಡು ಸಂಗತಿಗಳು ನಡೆದವು. ನಾನಿರುವ ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1500 ಕೋಟಿ ಡಾಲರ್ ಹೂಡಿ ಕೃತಕ ಬುದ್ಧಿಮತ್ತೆಯ ಕೇಂದ್ರವನ್ನೂ ಅದಕ್ಕೆ ಬೇಕಾದ ಭಾರಿ ಡೇಟಾ ಸೆಂಟರನ್ನೂ ಕಟ್ಟುವುದಾಗಿ ಗೂಗಲ್ ಪ್ರಕಟಿಸಿತು. ಅದೇ ದಿನ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲದ ಅವಧಿ ಮುಗಿಯಿತು. ಮೊದಲನೆಯದು ಇಲ್ಲಿನ ಪತ್ರಿಕೆಗಳ ಮುಖಪುಟ ತುಂಬಿತು. ಎರಡನೆಯದು ತಟ್ಟಿದ್ದು ಡಿಟಿಪಿ ಅಂಗಡಿಗಳಲ್ಲಿ, ಶಾಲೆಯ ಆಫೀಸುಗಳಲ್ಲಿ, ವಕೀಲರ ಕೋಣೆಗಳಲ್ಲಿ, ನನ್ನಂಥ ಅನುವಾದಕರ ಮೇಜಿನ ಕೆಳಗೆ ಧೂಳು ಹಿಡಿದು ಕೂತ ಕಂಪ್ಯೂಟರುಗಳಿಗೆ.

ಊರಿನ ಒಂದು ಕಡೆ ಜಗತ್ತಿನ ಡೇಟಾ ಇಡಲು ಜಾಗ ಸಿದ್ಧವಾಗುತ್ತಿದೆ. ಇನ್ನೊಂದು ಕಡೆ, ಹನ್ನೆರಡು ಹದಿಮೂರು ವರ್ಷದ ಡೆಸ್ಕ್‌ಟಾಪ್‌ನಲ್ಲಿ ಜಾಗ ಮುಗಿಯಿತೆಂದು ಹೋದವರಿಗೆ ಅಂಗಡಿಯವರು ಹೇಳುವ ಮಾತು ಒಂದೇ: "ಕುದರದು ಮೇಡಂ, ಕೊತ್ತದಿ ತೀಸ್ಕೋಂಡಿ." ಹೊಂದಲ್ಲ, ಹೊಸದು ತಗೊಳ್ಳಿ. ನಾನು ಎರಡನೇ ಹಾರ್ಡ್ ಡಿಸ್ಕ್ ಕೇಳಿಕೊಂಡು ಹೋದಾಗ ಮೂರು ಅಂಗಡಿಗಳಲ್ಲಿ ಈ ಮಾತು ಕೇಳಿದೆ. ಮೂವರಲ್ಲಿ ಒಬ್ಬರೂ ಡಬ್ಬಿಯ ಮುಚ್ಚಳ ತೆಗೆದು ನೋಡಲಿಲ್ಲ, ಮದರ್‌ಬೋರ್ಡ್ ಯಾವುದೆಂದೂ ಕೇಳಲಿಲ್ಲ.

ಹಳೆಯ ಡೆಸ್ಕ್‌ಟಾಪ್ ಇರುವವರು ಹೊಸದಕ್ಕೆ ದುಡ್ಡು ಕೂಡಿಸುವ ಮೊದಲು ಅದರೊಳಗೆ ಇನ್ನೊಂದು ಡಿಸ್ಕ್ ಹಾಕಬಹುದೇ ಎಂದು ನೋಡಬೇಕು, ಬಹುಪಾಲು ಯಂತ್ರಗಳಲ್ಲಿ ಹಾಕಬಹುದು ಎಂಬುದು ನನ್ನ ವಾದ. "ಆಗಲ್ಲ" ಎಂದು ಯಾರಾದರೂ ಹೇಳಿದರೆ ಅದು ಯಾವ ಬಗೆಯ "ಆಗಲ್ಲ" ಎಂದು ಕೇಳಿ ತಿಳಿಯಬೇಕು.

ಇದನ್ನು ಕೇಳಲು ನಮ್ಮ ಭಾಷೆ ಚೆನ್ನಾಗಿ ಒದಗುತ್ತದೆ. ಇಂಗ್ಲಿಷಿನಲ್ಲಿ 'ಕಾಂಟ್' ಎಂಬ ಒಂದೇ ಪದ ಶಕ್ತಿಯಿಲ್ಲದ್ದಕ್ಕೂ ಅನುಮತಿಯಿಲ್ಲದ್ದಕ್ಕೂ ಸಲ್ಲುತ್ತದೆ. ಕನ್ನಡ ಇವನ್ನು ಬೇರೆ ಬೇರೆಯಾಗಿಯೇ ಇಟ್ಟಿದೆ. ಬರಲಾರೆ ಎಂದರೆ ಶಕ್ತಿ ಇಲ್ಲ. ಬರಕೂಡದು ಎಂದರೆ ಯಾರದೋ ನಿಯಮ ತಡೆಯುತ್ತಿದೆ. ಬರಲೊಲ್ಲೆ ಎಂದರೆ ಮನಸ್ಸಿಲ್ಲ. ಆಗದು, ಕೂಡದು, ಒಲ್ಲೆ: ಮೂರೂ ನಿಷೇಧಗಳೇ, ಆದರೆ ಮೂರಕ್ಕೂ ಹೊಣೆಗಾರರು ಬೇರೆ. ತೆಲುಗಿನಲ್ಲೂ 'ಕುದರದು' ಬೇರೆ, 'ಕೂಡದು' ಬೇರೆ. ಆದರೆ ಅಂಗಡಿಯ ಕಟ್ಟೆಯ ಮೇಲೆ 'ಕುದರದು' ಈ ಮೂರೂ ಅರ್ಥಗಳನ್ನು ಹೊತ್ತು ಸುಸ್ತಾಗಿದೆ. ಕಂಪ್ಯೂಟರಿಗೆ ಸಂಬಂಧಿಸಿದ ಸೂಚನೆಗಳನ್ನು ಕನ್ನಡಕ್ಕೆ ತರುವಾಗ ನಾನು ಹೆಚ್ಚು ಹೊತ್ತು ಕೂರುವುದೂ ಇಲ್ಲೇ. "ಈ ಪಿಸಿಯಲ್ಲಿ ವಿಂಡೋಸ್ 11 ನಡೆಯಲಾರದು" ಎಂದು ಬರೆಯಬೇಕೇ, "ನಡೆಯಕೂಡದು" ಎಂದು ಬರೆಯಬೇಕೇ?

ಮೊದಲು ನಿಜವಾದ 'ಆಗದು' ಯಾವುದೆಂದು ನೋಡೋಣ. ಡಬ್ಬಿಯ ಮುಚ್ಚಳ ತೆಗೆಯದೆ ಇದು ಗೊತ್ತಾಗುವುದಿಲ್ಲ. ಕರೆಂಟ್ ವೈರ್ ಕಿತ್ತು, ಹಿಂಬದಿಯ ಎರಡು ಸ್ಕ್ರೂ ಬಿಚ್ಚಿ, ಪಕ್ಕದ ತಗಡು ಸರಿಸಿ. ಒಳಗಿನ ಕಬ್ಬಿಣದ ಭಾಗವನ್ನು ಒಮ್ಮೆ ಮುಟ್ಟಿ ಮೈಯಲ್ಲಿರುವ ಸ್ಥಾಯಿ ವಿದ್ಯುತ್ತನ್ನು ಇಳಿಸಿಕೊಳ್ಳಿ. ನನ್ನದು 2012ರಲ್ಲಿ ಜೋಡಿಸಿದ್ದು, ಇಂಟೆಲ್‌ನ ಎಚ್61 ಚಿಪ್‌ಸೆಟ್ ಇರುವ ಬೋರ್ಡ್. ಅದರ ಮೇಲೆ ನಾಲ್ಕು ಸಾಟಾ ಕಿಂಡಿಗಳಿವೆ. ಒಂದಕ್ಕೆ ಹಳೆಯ 500 ಜಿಬಿ ಡಿಸ್ಕ್, ಇನ್ನೊಂದಕ್ಕೆ ಡಿವಿಡಿ ಡ್ರೈವ್. ಉಳಿದ ಎರಡು ಕಿಂಡಿಗಳು ಅಷ್ಟು ವರ್ಷವೂ ಖಾಲಿ ಇದ್ದವು. ಕೆಳಗಿನ ಡಿಸ್ಕ್ ಗೂಡಿನಲ್ಲೂ ಜಾಗವಿತ್ತು.

ಸಾಟಾ ಎಂಬ ಈ ಜೋಡಣೆ 2003ರಲ್ಲಿ ಬಂತು. ಆಗ ಅದರ ವೇಗ ಸೆಕೆಂಡಿಗೆ 1.5 ಗಿಗಾಬಿಟ್. ಮುಂದೆ 3, 2009ರಲ್ಲಿ 6 ಆಯಿತು. ವೇಗ ಬೆಳೆದರೂ ಕಿಂಡಿಯ ಆಕಾರ ಬದಲಾಗಲಿಲ್ಲ, ಹೊಸ ಡಿಸ್ಕ್ ಹಳೆಯ ಕಿಂಡಿಯ ವೇಗಕ್ಕೆ ತಾನೇ ಇಳಿದು ಮಾತಾಡುತ್ತದೆ. ನನ್ನ ಬೋರ್ಡ್‌ನದು 3 ಗಿಗಾಬಿಟ್, ಎಂದರೆ ಸೆಕೆಂಡಿಗೆ ಸುಮಾರು 300 ಎಂಬಿ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್‌ಗೆ ಅಷ್ಟು ಓಡುವ ಶಕ್ತಿಯೇ ಇಲ್ಲದ್ದರಿಂದ ನಷ್ಟವೇನೂ ಇಲ್ಲ. ಎಸ್‌ಎಸ್‌ಡಿ ಹಾಕಿದರೆ ಅದರ ಗರಿಷ್ಠ ವೇಗದಲ್ಲಿ ಅರ್ಧ ಹೋಗುತ್ತದೆ. ಆದರೂ ಕಂಪ್ಯೂಟರ್ ಏಳುವುದು, ಫೈಲು ತೆರೆಯುವುದು ಹಳೆಯ ಡಿಸ್ಕ್‌ಗಿಂತ ಎಷ್ಟೋ ಚುರುಕಾಗಿರುತ್ತದೆ. 'ಹಳೆಯ ಕಿಂಡಿಗೆ ಹೊಸ ಡಿಸ್ಕ್ ಹೊಂದಲ್ಲ' ಎಂಬ ಮಾತು ಇಲ್ಲಿಗೆ ಮುಗಿಯಿತು. ಮೊದಲ ತಲೆಮಾರಿನ ಕೆಲವು ಸಾಟಾ ಬೋರ್ಡ್‌ಗಳು ಮಾತ್ರ ಹೊಸ ಡಿಸ್ಕನ್ನು ಗುರುತಿಸುವುದಿಲ್ಲ. ಅವಕ್ಕಾಗಿ ಡಿಸ್ಕ್‌ನ ಹಿಂಬದಿಯಲ್ಲಿ ಜಂಪರ್ ಹಾಕಿ ವೇಗ ಇಳಿಸುವ ಅನುಕೂಲ ಕೆಲವು ಡಿಸ್ಕ್‌ಗಳಲ್ಲಿ ಇತ್ತು.

ಇನ್ನೂ ಹಿಂದಿನ ಯಂತ್ರಗಳಲ್ಲಿ ಅಗಲವಾದ ಪಟ್ಟಿಯಂಥ ಕೇಬಲ್ ಇದ್ದು ಸಾಟಾ ಕಿಂಡಿಯೇ ಇಲ್ಲದಿದ್ದರೆ, ಅದು ಹೆಚ್ಚುಕಡಿಮೆ ನಿಜವಾದ 'ಆಗದು'. ಪರಿವರ್ತಕಗಳು ಸಿಗುತ್ತವೆ, ಆದರೆ ಅಷ್ಟು ಹಳೆಯದಕ್ಕೆ ದುಡ್ಡು ಹಾಕುವುದು ಬೇಡ. ಅಂಗಡಿಯಲ್ಲಿ ಚ್ಯೂಯಿಂಗ್ ಗಮ್ ಪಟ್ಟಿಯ ಹಾಗಿರುವ ಎನ್‌ವಿಎಂಇ ಡ್ರೈವ್ ತೋರಿಸಿದರೆ ಅದಕ್ಕೂ ಇಂಥ ಬೋರ್ಡ್‌ಗಳಲ್ಲಿ ಕಿಂಡಿ ಇರುವುದಿಲ್ಲ. ಕೇಳಬೇಕಾದ್ದು ಸಾಟಾ ಡಿಸ್ಕ್ ಎಂದೇ.

ಅಳತೆಯ ವಿಷಯದಲ್ಲಿ ಒಂದು ಗಡಿ ಇದೆ. ಹಳೆಯ ರೀತಿಯ ಪಾರ್ಟಿಷನ್ ಪಟ್ಟಿಗೆ 512 ಬೈಟಿನ ಸೆಕ್ಟರುಗಳನ್ನು ಎಣಿಸಲು 32 ಬಿಟ್‌ಗಳಷ್ಟೇ ಇವೆ. ಹಾಗಾಗಿ ಲೆಕ್ಕ ಸುಮಾರು 2.2 ಟಿಬಿಗೆ ನಿಲ್ಲುತ್ತದೆ. 2 ಟಿಬಿ ಡಿಸ್ಕ್ ಕೊಂಡರೆ ಈ ತಲೆಬಿಸಿ ಇಲ್ಲ. ಅದಕ್ಕಿಂತ ದೊಡ್ಡದು ಬೇಕಿದ್ದರೆ ಜಿಪಿಟಿ ಎಂಬ ಹೊಸ ಪಟ್ಟಿ ಆರಿಸಿಕೊಳ್ಳಬೇಕು. ಹಳೆಯ ಬಯೋಸ್ ಇರುವ ಯಂತ್ರದಲ್ಲಿ ಅದರಿಂದ ವಿಂಡೋಸ್ ಏಳಿಸಲು ಬರುವುದಿಲ್ಲ, ಆದರೆ ವಿಂಡೋಸ್ 7ರಿಂದ ಈಚಿನ ಯಾವುದರಲ್ಲೂ ಫೈಲು ತುಂಬಿಡಲು ಅದು ನಡೆಯುತ್ತದೆ.

ಕರೆಂಟಿನ ಬಗ್ಗೆ ಎಚ್ಚರ ಬೇಕು. ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕ್ ತಿರುಗುತ್ತಿರುವಾಗ ತಿನ್ನುವುದು ಐದರಿಂದ ಹತ್ತು ವಾಟ್ ಮಾತ್ರ. ಆದರೆ ನಿಂತಿದ್ದದ್ದು ತಿರುಗಲು ಶುರುಮಾಡುವ ಆ ಕೆಲವು ಸೆಕೆಂಡು ಇಪ್ಪತ್ತು ವಾಟ್ ದಾಟುತ್ತದೆ. ಒಳ್ಳೆಯ ಎಸ್‌ಎಂಪಿಎಸ್‌ಗೆ ಇದು ಲೆಕ್ಕಕ್ಕಿಲ್ಲ. ಹತ್ತು ವರ್ಷ ದುಡಿದ ಅಗ್ಗದ ಎಸ್‌ಎಂಪಿಎಸ್ ಆದರೆ ಡಿಸ್ಕ್ ಜೊತೆ ಅದನ್ನೂ ಬದಲಿಸುವುದು ಜಾಣತನ. ಸಾಟಾ ಪವರ್ ತುದಿ ಸಾಲದೆ ಹೋದರೆ ನಾಲ್ಕು ಪಿನ್ನಿನ ಹಳೆಯ ತುದಿಗೆ ಸಿಕ್ಕಿಸುವ ಪರಿವರ್ತಕ ಕೊಡುತ್ತಾರೆ. ಅದರಲ್ಲಿ ಪ್ಲಾಸ್ಟಿಕ್ ಎರಕ ಹೊಯ್ದು ಮುಚ್ಚಿದ ಅಗ್ಗದ ಬಗೆ ಬೇಡ, ಒಳಗೆ ತಂತಿಗಳು ಒಂದಕ್ಕೊಂದು ತಾಕಿ ಸುಟ್ಟ ಉದಾಹರಣೆಗಳಿವೆ. ಕಂಪನಿಗಳಿಂದ ಬಂದು ಸೆಕೆಂಡ್ ಹ್ಯಾಂಡ್ ಆಗಿ ಮಾರಾಟವಾಗುವ ಸಣ್ಣ ಗಾತ್ರದ ಡೆಸ್ಕ್‌ಟಾಪ್‌ಗಳಲ್ಲಿ ಇನ್ನೊಂದು ತೊಡಕು. ಕೆಲವಕ್ಕೆ ಎರಡನೇ ದೊಡ್ಡ ಡಿಸ್ಕ್ ಇಡುವ ಗೂಡೇ ಇಲ್ಲ, ಕೆಲವದರಲ್ಲಿ ಡಿಸ್ಕ್‌ನ ಕರೆಂಟು ಬೋರ್ಡ್‌ನಿಂದಲೇ ಬರುವುದರಿಂದ ಆ ಕಂಪನಿಯದೇ ಕೇಬಲ್ ಹುಡುಕಬೇಕು. ಅಂಥದ್ದಕ್ಕೆ ಎರಡೂವರೆ ಇಂಚಿನ ಎಸ್‌ಎಸ್‌ಡಿ ಸಲೀಸು.

ಹೊರಗಿನ ಯುಎಸ್‌ಬಿ ಡಬ್ಬಿಯಿಂದ ಬಿಚ್ಚಿ ಮಾರುವ ಡಿಸ್ಕ್‌ಗಳದು ವಿಚಿತ್ರ ಕತೆ. ಅವುಗಳಲ್ಲಿ ಕೆಲವು ಹಳೆಯ ಎಸ್‌ಎಂಪಿಎಸ್‌ಗೆ ಸಿಕ್ಕಿಸಿದರೆ ತಿರುಗುವುದೇ ಇಲ್ಲ. ಡಿಸ್ಕ್ ಸತ್ತಿಲ್ಲ. ಸಾಟಾದ ಹೊಸ ನಿಯಮಾವಳಿಯಲ್ಲಿ ಪವರ್ ತುದಿಯ ಮೂರನೇ ಪಿನ್ನಿಗೆ 3.3 ವೋಲ್ಟ್ ಬಂದರೆ 'ಮಲಗು' ಎಂದು ಅರ್ಥ, ಹಳೆಯ ಎಸ್‌ಎಂಪಿಎಸ್ ಆ ಪಿನ್ನಿಗೆ ಸದಾ 3.3 ವೋಲ್ಟ್ ಕೊಡುತ್ತಲೇ ಇರುತ್ತದೆ. ಎರಡೂ ತಮ್ಮ ತಮ್ಮ ಭಾಷೆಯಲ್ಲಿ ಸರಿಯಾಗಿಯೇ ಮಾತಾಡುತ್ತಿವೆ. ಆ ವೋಲ್ಟ್ ಸಾಗಿಸದ ನಾಲ್ಕು ಪಿನ್ ಪರಿವರ್ತಕ ಹಾಕಿದರೆ ಡಿಸ್ಕ್ ಏಳುತ್ತದೆ. ಇದು 'ಆಗದು' ಅಲ್ಲ, ದುಭಾಷಿ ಬೇಕಾದ ಜಾಗ.

ಜೋಡಿಸಿದ ಮೇಲೆ ಡಿಸ್ಕ್ ಕಾಣದಿದ್ದರೆ ಗಾಬರಿಯಾಗಬೇಡಿ. ಕೆಲವು ಯಂತ್ರಗಳಲ್ಲಿ ಬಳಸದ ಕಿಂಡಿಗಳನ್ನು ಬಯೋಸ್‌ನಲ್ಲಿ ಆಫ್ ಮಾಡಿರುತ್ತಾರೆ, ಆನ್ ಮಾಡಬೇಕು. ಅಲ್ಲೇ ಐಡಿಇ, ಎಎಚ್‌ಸಿಐ ಎಂಬ ಆಯ್ಕೆ ಕಂಡರೆ ಮುಟ್ಟಬೇಡಿ, ಮುಟ್ಟಿದರೆ ಹಳೆಯ ವಿಂಡೋಸ್ ಏಳದೇ ಹೋಗಬಹುದು. ಆಮೇಲೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಹೊಸದನ್ನು ಇನಿಶಿಯಲೈಸ್ ಮಾಡಿ, ಫಾರ್ಮ್ಯಾಟ್ ಮಾಡಿ ಅಕ್ಷರ ಕೊಡಬೇಕು. ಯಾವ ಡಿಸ್ಕ್ ಎಂಬುದನ್ನು ಅದರ ಅಳತೆ ನೋಡಿ ಎರಡು ಸಲ ಖಚಿತ ಮಾಡಿಕೊಳ್ಳಿ. ಇಡೀ ಕೆಲಸಕ್ಕೆ ನನಗೆ ಹಿಡಿದದ್ದು ಒಂದು ಗಂಟೆ, ಅದರಲ್ಲಿ ಅರ್ಧ ಧೂಳು ಹೊಡೆಯುವುದಕ್ಕೆ.

ಈಗ 'ಕೂಡದು'. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು ಎಂಬುದು ಮೈಕ್ರೋಸಾಫ್ಟ್‌ನ ನಿಯಮ. ಭದ್ರತೆಯ ಕಾರಣ ಸುಳ್ಳಲ್ಲ. ಆದರೆ ಅಡ್ಡದಾರಿಯಲ್ಲಿ ಹಾಕಿದರೆ ಹಳೆಯ ಯಂತ್ರಗಳಲ್ಲಿ ಎಷ್ಟೋ ಅದನ್ನು ನಡೆಸುತ್ತವೆ. ಆ ಪೈಕಿ ತೀರಾ ಹಳೆಯ ಪ್ರೊಸೆಸರ್‌ಗಳಲ್ಲಿ ಮಾತ್ರ 2024ರ ಆವೃತ್ತಿಯಿಂದ ಅದು ನಿಜಕ್ಕೂ ಏಳುವುದಿಲ್ಲ. ಎಂದರೆ ಬಹುಪಾಲು ಕಡೆ ಇದು ಕಂಪನಿಯ ನಿಯಮ. ಕಂಪನಿಗೆ ನಿಯಮ ಮಾಡುವ ಹಕ್ಕಿದೆ. ಅದನ್ನು ನನ್ನ ಯಂತ್ರದ ಅಸಾಮರ್ಥ್ಯ ಎಂಬಂತೆ ಬರೆಯುವುದಕ್ಕಷ್ಟೇ ನನ್ನ ತಕರಾರು. ಅಡ್ಡದಾರಿಯನ್ನೂ ನಾನು ಹೇಳುತ್ತಿಲ್ಲ, ಮುಂದಿನ ಅಪ್‌ಡೇಟ್ ಬರುವ ಖಾತ್ರಿ ಅದರಲ್ಲಿಲ್ಲ.

ಎರಡನೇ ಡಿಸ್ಕ್ ಹಾಕಿದ ಮೇಲೂ ನನ್ನ ಬೋರ್ಡ್‌ನಲ್ಲಿ ಒಂದು ಕಿಂಡಿ ಉಳಿದಿತ್ತು. ಅದಕ್ಕೊಂದು ಚಿಕ್ಕ ಎಸ್‌ಎಸ್‌ಡಿ ಸಿಕ್ಕಿಸಿ ಲಿನಕ್ಸ್ ಹಾಕಿದೆ. ಹಾಕುವಾಗ ಉಳಿದ ಡಿಸ್ಕ್‌ಗಳ ಕೇಬಲ್ ಕಿತ್ತಿಟ್ಟಿದ್ದರಿಂದ ಅವಕ್ಕೆ ಏನೂ ಆಗುವ ಭಯವಿರಲಿಲ್ಲ. ಇಂಟರ್‌ನೆಟ್, ಮೇಲ್, ಬ್ಯಾಂಕು ಎಲ್ಲ ಈಗ ಅದರಲ್ಲಿ. ಕನ್ನಡದ ಮಟ್ಟಿಗೆ ಕೊರತೆ ಇಲ್ಲ: ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೇ ಇದೆ, ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳಿವೆ, ಅನುವಾದದ ನೆನಪುಕೋಶ ಬೇಕಿದ್ದರೆ ಒಮೆಗಾಟಿ ಉಚಿತವಾಗಿ ಸಿಗುತ್ತದೆ.

ಹಳೆಯ ವಿಂಡೋಸನ್ನು ಅಳಿಸಲಿಲ್ಲ, ಅದನ್ನು ಇಂಟರ್‌ನೆಟ್‌ನಿಂದ ಬಿಡಿಸಿ ಇಟ್ಟಿದ್ದೇನೆ. ಈ ಯಂತ್ರವನ್ನು ಉಳಿಸಿಕೊಳ್ಳುವ ದೊಡ್ಡ ಕಾರಣ ಅಲ್ಲೇ ಇದೆ. ಯೂನಿಕೋಡ್ ನೆಲೆಯೂರುವ ಮುಂಚೆ ಕನ್ನಡದ ಪುಸ್ತಕೋದ್ಯಮ ನಡೆದದ್ದು ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಫಾಂಟ್‌ಗಳಲ್ಲಿ, ಪೇಜ್‌ಮೇಕರ್ ಫೈಲುಗಳಲ್ಲಿ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಪರಿವರ್ತಕಗಳು ಪಠ್ಯವನ್ನು ಬಹುಮಟ್ಟಿಗೆ ಯೂನಿಕೋಡಿಗೆ ತರುತ್ತವೆ, ಆದರೆ ಪುಟವಿನ್ಯಾಸವನ್ನೂ ಅಲ್ಲೊಂದು ಇಲ್ಲೊಂದು ಒತ್ತಕ್ಷರವನ್ನೂ ಮೂಲದ ಜೊತೆ ತಾಳೆ ನೋಡಲು ಹಳೆಯ ತಂತ್ರಾಂಶ ನಡೆಯುವ ಯಂತ್ರವೇ ಬೇಕು. ಪ್ರಕಾಶಕರೊಬ್ಬರು ಇಪ್ಪತ್ತು ವರ್ಷದ ಹಿಂದಿನ ಪುಸ್ತಕವನ್ನು ಮರುಮುದ್ರಣಕ್ಕೆ ತಿದ್ದಿಕೊಡಿ ಎಂದಾಗ ನನಗೆ ಆ ಕೆಲಸ ಸಿಗುವುದು ಈ ಡಬ್ಬಿ ಇನ್ನೂ ಏಳುತ್ತದೆ ಎಂಬ ಕಾರಣಕ್ಕೆ. ಇಂಥ ವ್ಯವಸ್ಥೆಗೆ ಇಂಗ್ಲಿಷಿನಲ್ಲಿ 'ಲೆಗಸಿ' ಎನ್ನುತ್ತಾರೆ. ಹಿರಿಯರಿಂದ ಬಂದ ಆಸ್ತಿಗೆ ಹೇಳುವ ಆ ಪದ ಕಂಪ್ಯೂಟರ್ ಲೋಕದಲ್ಲಿ ಬೈಗುಳವಾಗಿದೆ. ಕನ್ನಡದಲ್ಲಿ ಪಿತ್ರಾರ್ಜಿತ ಎಂದರೆ ಒಬ್ಬರೇ ತೀರ್ಮಾನಿಸಿ ಮಾರುವಂತಿಲ್ಲದ ಆಸ್ತಿ.

ಪಠ್ಯಕ್ಕೆ ಹೆಚ್ಚು ಜಾಗ ಬೇಡ. ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಹಿಡಿದರೂ ಎರಡು ಲಕ್ಷ ಪದಗಳ ಕಾದಂಬರಿ ಐದು ಎಂಬಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಜಾಗ ತಿನ್ನುವುದು ಸ್ಕ್ಯಾನು ಮತ್ತು ಧ್ವನಿ. ಎ4 ಪುಟವನ್ನು 600 ಡಿಪಿಐನಲ್ಲಿ ಬಣ್ಣದಲ್ಲಿ, ಕುಗ್ಗಿಸದೆ ಇಟ್ಟರೆ ಒಂದಕ್ಕೆ ನೂರು ಎಂಬಿ. ಸಿಡಿ ಗುಣಮಟ್ಟದ ಧ್ವನಿ ಗಂಟೆಗೆ ಆರುನೂರು ಎಂಬಿ ದಾಟುತ್ತದೆ. ಎಂಎ ಓದುವಾಗ ಮಡಕಶಿರಾ ಕಡೆಯ ಕನ್ನಡವನ್ನು ಹಳ್ಳಿಗಳಿಗೆ ಹೋಗಿ ರೆಕಾರ್ಡ್ ಮಾಡಿದ್ದೆ. ಆಂಧ್ರದ ನಕಾಶೆಯೊಳಗಿದ್ದು ಮನೆಯಲ್ಲಿ ಕನ್ನಡ ಆಡುವ ಹಿರಿಯರ ಮಾತು ಅದು. ಅವರಲ್ಲಿ ಕೆಲವರು ಈಗಿಲ್ಲ. ಎಂಪಿ3 ಮಾಡಿ ಕುಗ್ಗಿಸಿದರೆ ಜಾಗ ಉಳಿಯುತ್ತದೆ, ಆದರೆ ಮುಂದೆ ಯಾರಾದರೂ ಉಚ್ಚಾರದ ಸೂಕ್ಷ್ಮ ಅಳೆಯಬೇಕೆಂದರೆ ಬೇಕಾಗುವುದು ಮೂಲದ ಫೈಲೇ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯಲ್ಲಿ ಇವು ಹಿಡಿಸುವುದಿಲ್ಲ. ದುಡ್ಡು ಕೊಟ್ಟು ಜಾಗ ಪಡೆಯಬಹುದು, ಆದರೆ ಅದು ಬಾಡಿಗೆ, ತಿಂಗಳು ತಪ್ಪುವಂತಿಲ್ಲ. ಫ್ರೀಲಾನ್ಸ್ ಬದುಕಿನಲ್ಲಿ ಕೆಲಸವಿಲ್ಲದ ತಿಂಗಳುಗಳಿರುತ್ತವೆ.

ಇನ್ನು 'ಒಲ್ಲೆ'. ಹಳೆಯ ಡಬ್ಬಿ ಬಿಚ್ಚಿ ಒಂದು ಡಿಸ್ಕ್ ಹಾಕಿಕೊಟ್ಟರೆ ಅಂಗಡಿಯವರಿಗೆ ಉಳಿಯುವುದು ಅಷ್ಟಕ್ಕಷ್ಟೆ. ನಾಳೆ ಬೇರೇನೋ ಕೆಟ್ಟರೆ "ನೀವು ಮುಟ್ಟಿದ್ದಕ್ಕೇ ಹೀಗಾಯ್ತು" ಎಂಬ ಜಗಳ ಬೇರೆ. ಅವರ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಆದರೆ ಒಲ್ಲೆ ಎಂಬುದನ್ನು ಆಗದು ಎಂದು ಹೇಳಿ ಕಳಿಸಿದರೆ ಗಿರಾಕಿ ಅದನ್ನು ನಂಬಿ ನಡೆಯುವ ಯಂತ್ರವನ್ನು ಗುಜರಿಗೆ ಹಾಕುತ್ತಾರೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ವರ್ಷದ ಕೊನೆಗೆ ಅದಕ್ಕೆಂದು ಪೋರ್ಟಲ್ ತೆರೆಯಿತು. 2023ರ ಏಪ್ರಿಲ್‌ನಿಂದ ಹೊಸ ಇ-ತ್ಯಾಜ್ಯ ನಿಯಮಗಳು ಜಾರಿಯಲ್ಲಿವೆ. ಇವು ತಯಾರಕರ ಹೊಣೆಯ ಬಗ್ಗೆ ಮಾತಾಡುತ್ತವೆ. ಎಸ್‌ಎಂಪಿಎಸ್ ನೋಡಿ, ಕಿಂಡಿ ಎಣಿಸಿ, ನಿಜ ಹೇಳುವ ಮೆಕ್ಯಾನಿಕ್‌ಗೆ ಕೂಲಿ ಕೊಡಬೇಕಾದವರು ನಾವು. ನಾಲ್ಕನೇ ಅಂಗಡಿಯ ಹುಡುಗ ನನ್ನ ಬೋರ್ಡ್‌ನ ಫೋಟೋ ನೋಡಿ "ಸರಿಪೋತುಂದಿ" ಎಂದ. ತೆಲುಗಿನ ಆ ಮಾತಿಗೆ ಹೊಂದುತ್ತದೆ ಎಂದೂ ಅರ್ಥ, ಸಾಲುತ್ತದೆ ಎಂದೂ ಅರ್ಥ. ನೋಡಿದ್ದಕ್ಕೂ ಹೇಳಿದ್ದಕ್ಕೂ ಅವನು ದುಡ್ಡು ಕೇಳಲಿಲ್ಲ, ನಾನು ಡಿಸ್ಕನ್ನು ಅಲ್ಲೇ ಕೊಂಡೆ.

ಹೊಸದು ಕೊಳ್ಳುವುದು ಇನ್ನು ಮುಂದೆ ಮೊದಲಿನಷ್ಟು ಸಲೀಸೂ ಅಲ್ಲ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ಜಿಗಿಯಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಕ್ರೂಷಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ಮಾರುತ್ತಿದ್ದ ರ‍್ಯಾಮ್, ಎಸ್‌ಎಸ್‌ಡಿಗಳ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ನಮ್ಮೂರಿಗೆ ಬರಲಿರುವ ಕೇಂದ್ರವೂ ಅದೇ ಪಂಕ್ತಿಯಲ್ಲಿ ಕೂತು ಉಣ್ಣುವಂಥದ್ದು. ಅದು ಬರುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಆ ಪಂಕ್ತಿಯಲ್ಲಿ ನಮ್ಮ ಎಲೆ ಕೊನೆಯಲ್ಲಿರುವಾಗ ಮನೆಯಲ್ಲಿ ಇದ್ದದ್ದನ್ನು ಎಸೆದು ಹೋಗಿ ಕೂರುವುದು ಲೆಕ್ಕಕ್ಕೆ ಬರುವುದಿಲ್ಲ.

ಎರಡನೇ ಡಿಸ್ಕ್ ಏನು ಮಾಡಲಾರದು ಎಂಬುದನ್ನೂ ಹೇಳಬೇಕು. ಅದೇ ಡಬ್ಬಿಯೊಳಗಿನ ಪ್ರತಿ, ಡಬ್ಬಿಗೆ ಬಂದ ಆಪತ್ತಿನಿಂದ ತಪ್ಪಿಸಿಕೊಳ್ಳುವುದಿಲ್ಲ. 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರದ ಸುತ್ತಮುತ್ತ ನೆಲಮಹಡಿಗಳೆಲ್ಲ ಮುಳುಗಿದವು. ಪ್ರಕಾಶಂ ಬ್ಯಾರೇಜ್‌ನಲ್ಲಿ ಕೃಷ್ಣೆ 11 ಲಕ್ಷ ಕ್ಯೂಸೆಕ್ ಮೀರಿ ಹರಿದ ದಿನಗಳವು. ಮೇಜಿನ ಕೆಳಗಿದ್ದ ಕಂಪ್ಯೂಟರಿಗೆ ಒಂದು ಡಿಸ್ಕ್ ಇದ್ದರೂ ಎರಡಿದ್ದರೂ ಆ ನೀರಿಗೆ ಒಂದೇ. ವಿಶಾಖಪಟ್ಟಣದಲ್ಲಿ ನೀರಿಗಿಂತ ಗಾಳಿಯ ಭಯ ಹೆಚ್ಚು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಅಪ್ಪಳಿಸಿದ ಮೇಲೆ ದಿನಗಟ್ಟಲೆ ಕರೆಂಟ್ ಇರಲಿಲ್ಲ, ಫೋನೂ ಸರಿಯಾಗಿರಲಿಲ್ಲ. ಅಂಥ ದಿನ ಕ್ಲೌಡ್‌ನಲ್ಲಿ ಇಟ್ಟದ್ದು ಕೈಗೆ ಸಿಗುವುದಿಲ್ಲ.

ಹಾಗಾಗಿ ಮೂರು ಪ್ರತಿ, ಅದರಲ್ಲಿ ಒಂದು ಬೇರೆ ಊರಲ್ಲಿ ಎಂಬ ಹಳೆಯ ಕ್ರಮವೇ ಒಳ್ಳೆಯದು. ನನ್ನ ಅಕ್ಕ ವಿಜಯವಾಡದಲ್ಲಿದ್ದಾಳೆ, ನಡುವೆ ರೈಲಿನಲ್ಲಿ ಸುಮಾರು 350 ಕಿಲೋಮೀಟರ್. ನನ್ನ ಫೈಲುಗಳ ಒಂದು ಪೋರ್ಟಬಲ್ ಡಿಸ್ಕ್ ಅವಳ ಮನೆಯ ಮೇಲಿನ ಮಹಡಿಯ ಬೀರುವಿನಲ್ಲಿದೆ, ಭಾವನ ಲೆಕ್ಕಪತ್ರಗಳ ಡಿಸ್ಕ್ ನನ್ನ ಬೀರುವಿನಲ್ಲಿದೆ. ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ ಯಾರಾದರೂ ಬಂದು ಹೋಗುವಾಗ ಅದಲುಬದಲಾಗುತ್ತವೆ. ಒಂದೂರಿಗೆ ನೀರು ನುಗ್ಗಿದ ದಿನ ಇನ್ನೊಂದೂರಿನಲ್ಲಿ ಮನೆ ಬೀಗ ಭದ್ರವಾಗಿರುತ್ತದೆ ಎಂಬ ನಂಬಿಕೆಯ ಮೇಲೆ ಈ ವ್ಯವಸ್ಥೆ ನಡೆದಿದೆ.

ಹಳೆಯ ಡೆಸ್ಕ್‌ಟಾಪ್ ಲ್ಯಾಪ್‌ಟಾಪ್‌ಗಿಂತ ಹೆಚ್ಚು ಕರೆಂಟ್ ತಿನ್ನುತ್ತದೆ, ಒಂದಲ್ಲ ಒಂದು ದಿನ ಬೋರ್ಡ್ ಹೋಗುತ್ತದೆ ಎನ್ನುವವರ ಮಾತು ಸರಿ. ಬೋರ್ಡ್ ಹೋದ ದಿನ ಹೊಸದು ಕೊಳ್ಳೋಣ. ಸಾಟಾ ಡಿಸ್ಕನ್ನು ಆಗ ಬಿಚ್ಚಿ ಹೊಸ ಡೆಸ್ಕ್‌ಟಾಪ್‌ಗೆ ಸಿಕ್ಕಿಸಬಹುದು, ಹಾಕಿದ ದುಡ್ಡು ಡಬ್ಬಿಯ ಜೊತೆ ಹೋಗುವುದಿಲ್ಲ. ಅಲ್ಲಿಯವರೆಗೆ, ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದರೆ ಈ ಭಾನುವಾರ ಕರೆಂಟ್ ವೈರ್ ಕಿತ್ತು, ಪಕ್ಕದ ತಗಡು ತೆಗೆದು, ಖಾಲಿ ಕಿಂಡಿ ಎಷ್ಟಿವೆ ಎಣಿಸಿ, ಒಂದು ಫೋಟೋ ತೆಗೆದುಕೊಳ್ಳಿ. ಅಂಗಡಿಗೆ ಅದನ್ನು ಹಿಡಿದುಕೊಂಡೇ ಹೋಗಿ. "ಆಗಲ್ಲ" ಎಂದರೆ ಜಗಳ ಬೇಡ. "ಯಾಕೆ ಆಗಲ್ಲ, ಫೋಟೋದಲ್ಲಿ ತೋರಿಸಿ" ಎಂದು ಕೇಳಿ, ಸಾಕು.